ಸಲಾಕೆಯ ಇನ್ನೊಂದು ತುದಿ

7 ಜನವರಿ 1979, ರವಿವಾರ. ಶಹಾಬಾದ್

ಓಡಿಹೋಗುವವನು ಎಲ್ಲರೆದುರು ನಿಂತು ಹೇಳಿ ಹೋಗುತ್ತಾನೇನು? ನಾನು ಹೇಳಿದ್ದೇನೆ. ಶನಿವಾರ ವಾಪಸ್ ಬರುತ್ತೇನೆ ಎಂದೂ ಹೇಳಿದ್ದೇನೆ. ಮೆಟಡೋರ್ ಗಾಡಿಯಲ್ಲಿ ಕೂತು ಒಂದು ವಾರ ನಮ್ಮದೇ ಸೀಮೆ ಸುತ್ತಿದರೆ ಓಡಿಹೋದ ಹಾಗೆ ಆಗುವುದಾದರೆ, ಅಮ್ಮ ಪ್ರತಿ ಗುರುವಾರ ದರ್ಗಾಕ್ಕೆ ಓಡಿಹೋಗುತ್ತಾಳೆ. ಅದನ್ನೂ ಹೇಳಿದೆ. ಲಟ್ಟಣಿಗೆ ಹಾರಿ ಬಂತು.

ನಮ್ಮ ಮನೆಯ ಜಗಳ ಅರ್ಧ ದಖನಿ ಉರ್ದು, ಅರ್ಧ ಕನ್ನಡ. ನನಗೆ ಬರೆಯಲು ಬರುವುದು ಕನ್ನಡ ಮಾತ್ರ. ಆದ್ದರಿಂದ ಅಮ್ಮನ ಒಳ್ಳೊಳ್ಳೆಯ ಬೈಗುಳ ಇಲ್ಲಿ ಬರುವುದಿಲ್ಲ.

ಆದದ್ದು ಇಷ್ಟು. ಗುಲ್ಬರ್ಗಾದಿಂದ ರೇವಣಸಿದ್ದಯ್ಯ ಎಂಬ ಸಾಹೇಬ ನಮ್ಮ ಕಲ್ಲಿನ ಖಣಿಗೆ ಬಂದಿದ್ದ. ದೇಶದ ಹಳೇ ಕೈಕೆಲಸ, ಕೋಟೆ, ಗುಡಿ ನೋಡಲು ದೂರದೂರಿಂದ ಒಂದು ತಂಡ ಬರುತ್ತದಂತೆ. ಕನ್ನಡ, ಉರ್ದು, ಸ್ವಲ್ಪ ತೆಲುಗು ಬರುವವನೊಬ್ಬ ಜೊತೆಗೆ ಬೇಕಂತೆ. ನಾನು ಕೈ ಎತ್ತಿದೆ. ಯಾಕೆ ಎತ್ತಬಾರದು?

ಅಬ್ಬಾ, ಅಂದರೆ ನಮ್ಮಪ್ಪ ಗುಲಾಮ ದಸ್ತಗೀರ, ಖಣಿಯಲ್ಲಿ ಫರಸಿ, ಅಂದರೆ ಹಾಸುಗಲ್ಲು, ತಟ್ಟಿ ನೋಡುವ ಮೇಸ್ತ್ರಿ. ನೆಲದಿಂದ ಪದರು ಪದರಾಗಿ ಎಬ್ಬಿಸಿದ ಕಲ್ಲನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾನೆ. ಠಣ್ ಎಂದರೆ ಗಟ್ಟಿ, ಮೂಲೆಯಲ್ಲಿ ಕೆಮ್ಮಣ್ಣಿನ ಗೆರೆ ಎಳೆಯುತ್ತಾನೆ. ಥಪ್ ಎಂದರೆ ಒಳಗೆ ಚೀರು, ಅಂದರೆ ಬಿರುಕು, ಬಿಟ್ಟಿದೆ, ಆ ಕಲ್ಲು ಗುಂಡಿಗೆ. ಅವನ ಗೆರೆ ಇದ್ದ ಫರಸಿಯನ್ನು ಯಾರೂ ಇನ್ನೊಂದು ಸಲ ತಟ್ಟುವುದಿಲ್ಲ. ಆದರೆ ಎರಡು ವರ್ಷದಿಂದ ಅಬ್ಬಾನಿಗೆ ಠಣ್ ಕೇಳುವುದಿಲ್ಲ, ಥಪ್ ಕೇಳುವುದಿಲ್ಲ, ಏನೂ ಕೇಳುವುದಿಲ್ಲ. ಸುತ್ತಿಗೆಯ ಸದ್ದೇ ಕಿವಿಯನ್ನು ತಿಂದುಹಾಕಿತು. ಕೇಳುವವನು ನಾನು. ಕಲ್ಲಿನ ಆಚೆ ಬದಿಗೆ ಕುಕ್ಕರಗಾಲಲ್ಲಿ ಕೂತಿರುತ್ತೇನೆ. ಥಪ್ ಎಂದರೆ ತಲೆಯ ಮೇಲಿನ ಟವೆಲನ್ನು ಹೆಗಲಿಗೆ ಎಳೆದುಕೊಳ್ಳುತ್ತೇನೆ. ಅಬ್ಬಾ ನನ್ನ ತಲೆ ನೋಡಿ ಗೆರೆ ಎಳೆಯುತ್ತಾನೆ, ಇಲ್ಲವೇ ಬಿಡುತ್ತಾನೆ. ಆಳುಗಳ ಮೇಲಿನ ಮುಕಾದಮ ಮಾಣಿಕಪ್ಪನಿಗೆ ಇದು ಗೊತ್ತಾದ ದಿನ ಗೆರೆಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ.

ನಾನು ಶಾಲೆ ಬಿಟ್ಟದ್ದು ಇದಕ್ಕಲ್ಲ. ಮಾಸ್ತರ ಕಪಾಳಕ್ಕೆ ಹೊಡೆದ, ನಾನೂ ಕೈ ಎತ್ತಿದೆ, ಬಿಟ್ಟೆ. ಅದೂ ಎರಡು ವರ್ಷದ ಹಿಂದೆಯೇ ಆಯಿತು ಎಂಬುದು ಬೇರೆ ಮಾತು.

"ವಾರಗಟ್ಟಲೆ ಅವನ ಮುಂದ ಯಾರು ಕುಂದ್ರಬೇಕು? ನಿನ್ನ ಟಾವೆಲ್ ಒಂದೇ ಹೋಗಿ ಕುಂದುರ್ತದೇನು?" ಎಂದಳು ಅಮ್ಮ.

"ಶುಕ್ರವಾರ ತನಕ ಜ್ವರ ಅಂತ ಮಲಗ್ಲಿ."

"ಮತ್ತ ಶನಿವಾರ?"

ಅದೇ ತೊಡಕು. ತಂಡ ಕೊನೆಯ ದಿನ ನೋಡುವುದು ನಮ್ಮ ಖಣಿಯನ್ನು. ಕಲ್ಲು ತಟ್ಟಿ ತೋರಿಸಲು ದಸ್ತಗೀರನಂಥವನು ಈ ಸೀಮೆಯಲ್ಲೇ ಇಲ್ಲ ಎಂದು ಮಾಣಿಕಪ್ಪ ಸಾಹೇಬನಿಗೆ ಹೇಳಿಬಿಟ್ಟಿದ್ದಾನೆ. ಆವತ್ತು ನಾನು ತಂಡದ ಜೊತೆ ಹಗ್ಗದ ಆಚೆ ನಿಂತು ಮಾತಾಡುತ್ತಿರಬೇಕು. ಅಷ್ಟು ದೂರದಿಂದ, ಅಷ್ಟು ಗದ್ದಲದಲ್ಲಿ, ಕಲ್ಲಿನ ದನಿ ನನಗೆ ಕೇಳಬೇಕು. ಮುಕಾದಮ ಮಗ್ಗುಲಲ್ಲೇ ನಿಂತಿರುತ್ತಾನೆ.

ಏನಾದರೂ ಮಾಡುತ್ತೇನೆ ಎಂದೆ. ಏನು ಎಂದು ಕೇಳಿದಳು. ಬಾಗಿಲು ಬಡಿದು ಹೊರಗೆ ಬಂದೆ.

ಒಂದು ಸೋಜಿಗ. ಅಮ್ಮ ಅಷ್ಟು ಚೀರಾಡಿದರೂ ಗೋಡೆಗೆ ಮುಖ ಮಾಡಿ ಚಹಾ ಕುಡಿಯುತ್ತಿದ್ದ ಮನುಷ್ಯ, ನಾನು ಬಾಗಿಲು ಬಡಿದಾಗ ತಲೆ ಎತ್ತಿದ. ಕಿಟಕಿಯಿಂದ ಕಂಡೆ. ಯಾವಾಗಲೂ ಹಾಗೆಯೇ.

8 ಜನವರಿ, ಸೋಮವಾರ. ಚಿತ್ತಾಪುರ

ವಾಡಿ ಜಂಕ್ಷನ್ನಿನಲ್ಲಿ ತಂಡ ಇಳಿಯಿತು. ಲಖನೌದ ಒಬ್ಬ ಮುದುಕ, ಕಲ್ಕತ್ತಾದ ಕನ್ನಡಕದ ಬಾಯಿ (ಹೆಂಗಸರಿಗೆ ನಮ್ಮ ಕಡೆ ಬಾಯಿ ಅನ್ನುತ್ತೇವೆ), ಜರ್ಮನಿಯ ಗಂಡ ಹೆಂಡತಿ. ಉಳಿದವರೆಲ್ಲ ಬರೀ ಬಿಸಿಲುಟೋಪಿ, ಕೆಳಗೆ ಮುಖ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ.

ನಾನು ಬಾಯಿ ಬಿಟ್ಟ ಕೂಡಲೇ ಲಖನೌದವನಿಗೆ ಹಲ್ಲುನೋವು ಬಂದಂತಾಯಿತು. ಇದು ಯಾವ ಉರ್ದು, ನಕ್ಕೋ ಅಂದರೆ ಏನು ಎಂದ. "ಬೇಡ ಅಂತ ಅರ್ಥ. ನಿಮ್ಮೂರಲ್ಲಿ ಯಾರೂ ಯಾರಿಗೂ ಬೇಡ ಅನ್ನೋದಿಲ್ಲವೇನು?" ಎಂದೆ. ಕನ್ನಡಕದ ಬಾಯಿ ನಕ್ಕಳು. ಸಂಜೆಯೊಳಗೆ ಗಾಡಿ ತುಂಬ ನಕ್ಕೋ ನಕ್ಕೋ. ಮುದುಕನೂ ಎರಡನೇ ಚಹಾ ನಕ್ಕೋ ಅಂದ.

ಸಾಹೇಬ ಒಂದು ಕಾಗದ ಕೊಟ್ಟಿದ್ದ. "ಇದರಾಗ ಇದ್ದಷ್ಟೇ ಹೇಳು. ಹೆಚ್ಚಿಗಿ ಒಂದಕ್ಷರ ಬ್ಯಾಡ ತಮ್ಮಾ, ಕೈ ಮುಗಿತೀನಿ" ಎಂದ. ಪಾಪದ ಮನುಷ್ಯ, ಬೆವರುತ್ತಲೇ ಇರುತ್ತಾನೆ. ಕಾಗದ ಮಡಚಿ ಜೇಬಿಗಿಟ್ಟೆ, ಮತ್ತೆ ತೆಗೆಯಲಿಲ್ಲ.

ನಾಗಾವಿಯ ಹಾಳು ಗುಡಿಯ ಕಂಬಗಳ ನಡುವೆ ನಿಂತು ಒಂದು ತಾಸು ಮಾತಾಡಿದೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇದಕ್ಕೇ ಹುಟ್ಟಿದವನು ನಾನು. ಅವರು ಫೋಟೋ ತೆಗೆಯುವಾಗ ಸುಮ್ಮನೆ ಬೆರಳ ಗೆಣ್ಣಿನಿಂದ ಕಂಬ ತಟ್ಟುತ್ತ ಹೋದೆ. ಡ್ರೈವರ್ ಸರ್ದಾರ ನೋಡಿದ.

"ಯಾಕಲೇ, ಬಾಗಲ ಬಡ್ದಂಗ ಕಂಬ ಬಡಿಲಿಕತ್ತಿ? ಒಳಗ ಯಾರರ ಅದಾರೇನು?"

ಒಂದು ಕಂಬ ಥಪ್ ಎಂದಿತು. ಯಾರಿಗೂ ಹೇಳಲಿಲ್ಲ. ಟವೆಲ್ ಮಾತ್ರ ತಾನಾಗಿಯೇ ಹೆಗಲಿಗೆ ಬಂದಿತ್ತು.

9 ಜನವರಿ, ಮಂಗಳವಾರ. ಮಳಖೇಡ

ಕೋಟೆ. ಕಾಗಿಣಾ ಹೊಳೆ. ಬಿಸಿಲು. ಚಲೋ ಮಾತಾಡಿದೆ.

ಅಬ್ಬಾನಿಗೆ ಜ್ವರದ ನಾಟಕ ಆಡಲು ಬರುವುದಿಲ್ಲ. ಹಗಲಿನಲ್ಲಿ ಮಲಗಿ ಗೊತ್ತಿಲ್ಲದ ಮನುಷ್ಯ. ಅಂಗಳದ ಕಲ್ಲು ಕಿತ್ತು ಮತ್ತೆ ಕೂರಿಸುತ್ತಿರುತ್ತಾನೆ, ಮಾಣಿಕಪ್ಪ ನೋಡುತ್ತಾನೆ. ಇರಲಿ. ನನಗೇನು.

10 ಜನವರಿ, ಬುಧವಾರ. ಕುರಕುಂಟಾ

ಇವತ್ತು ನನ್ನ ಮಾನ ಹೋಯಿತು. ಹೋದರೂ ಅಡ್ಡಿಯಿಲ್ಲ.

ಕುಂಬಾರ ಓಣಿಗೆ ಹೋಗಿದ್ದೆವು. ಅಲ್ಲಿ ಸೂಗಮ್ಮ ಎಂಬ ಹೆಂಗಸು ಆಗಷ್ಟೇ ಗಡಿಗೆ ಸುಟ್ಟ ಆವಿಗೆ ತೆಗೆದಿದ್ದಳು. ಮಗ್ಗುಲಲ್ಲೇ ಹಿಟ್ಟಿನ ಗಿರಣಿ. ಎಂಜಿನ್ ಪುಕ್ ಪುಕ್ ಎಂದು ಎದೆಗೆ ಗುದ್ದುತ್ತದೆ, ಪಕ್ಕದವನ ಮಾತು ಕೇಳುವುದಿಲ್ಲ. ಸೂಗಮ್ಮ ಒಂದೊಂದೇ ಗಡಿಗೆಯನ್ನು ಎತ್ತಿ, ಅದರ ಕಂಠವನ್ನು ಕೆನ್ನೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಬೆರಳಿನಿಂದ ಮೆಲ್ಲಗೆ ತಟ್ಟುವಳು. ಕೆಲವನ್ನು ಎಡಕ್ಕಿಡುವಳು, ಕೆಲವನ್ನು ಬಲಕ್ಕೆ.

ಕನ್ನಡಕದ ಬಾಯಿ ನನ್ನ ಕಿವಿಯಲ್ಲಿ ಕೂಗಿದಳು, ಆಕೆ ಏನು ಮಾಡುತ್ತಿದ್ದಾಳೆ?

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವವನು ಎಂಥ ಗೈಡು? ಇದು ಇಲ್ಲಿಯ ಹಳೇ ಪದ್ಧತಿ, ಬೆಂಕಿಯಿಂದ ಹುಟ್ಟಿ ಬಂದ ಗಡಿಗೆಗೆ ಮೊದಲು ತಾಯಿ ಮುತ್ತು ಕೊಡಬೇಕು ಎಂದೆ. ಎಲ್ಲಿಂದ ಬಂತೋ. ಕನ್ನಡಕದ ಬಾಯಿ ಅದನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು, ಜರ್ಮನಿಯ ಹೆಂಗಸಿನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಬರೆದುಕೊಂಡರು, ಫೋಟೋ ತೆಗೆದರು.

ಸೂಗಮ್ಮನಿಗೆ ಅನುಮಾನ ಬಂತು. "ಏನ್ ಹೇಳ್ದ್ಯೋ ಅವರಿಗಿ? ಎಲ್ರೂ ಅಳ್ಲಿಕತ್ತಾರಲ್ಲ?"

ಹೇಳಿದೆ.

"ಅಯ್ಯ, ನಿನ್ನ ಬಾಯಾಗ ಮಣ್ಣ ಹಾಕ! ಕಟ್ಕೊಂಡ ಗಂಡಗೇ ಕೊಟ್ಟಿಲ್ಲ, ಗಡಿಗಿಗಿ ಕೊಡ್ತೀನೇನು?" ಓಣಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಗಿರಣಿಯವನೂ ಹೊರಗೆ ಬಂದು ನಕ್ಕ.

"ಮತ್ತ ಏನ್ ಮಾಡ್ಲಿಕತ್ತಿ?" ಎಂದೆ. ಸಿಟ್ಟು ಬಂದಿತ್ತು.

"ಬಿರಕ ಬಿಟ್ಟದೇನು ಅಂತ ಕೇಳಾಕತ್ತೀನಿ."

"ಈ ಗದ್ದಲದಾಗ?"

"ಗದ್ದಲ ಕಿವಿಗಿ ಅದ. ದವಡಿಗಿ ಏನ್ ಗದ್ದಲ?"

ನಂಬಲಿಲ್ಲ. ಸುಳ್ಳು ಎಂದೆ. ಅವಳು ಹಿಂದೆ ಮುಂದೆ ನೋಡದೆ ನನ್ನ ಕುತ್ತಿಗೆ ಹಿಡಿದು ಕೂರಿಸಿದಳು, ಒಂದು ಗಡಿಗೆಯನ್ನು ಕಿವಿಯ ಕೆಳಗಿನ ಮೂಳೆಗೆ ಒತ್ತಿ ತಟ್ಟಿದಳು. ನಾನು ಎರಡೂ ಕಿವಿಗೆ ಬೆರಳು ಜಡಿದುಕೊಂಡೆ. ಇನ್ನೊಮ್ಮೆ ತಟ್ಟು ಎಂದೆ. ಕೇಳಿಸಲಿಲ್ಲ, ಆದರೆ ಹರಿದು ಬಂತು. ಮೂಳೆಯಿಂದ ಹಲ್ಲಿಗೆ, ಹಲ್ಲಿನಿಂದ ನೆತ್ತಿಗೆ ಇರುವೆ ಸಾಲು ಓಡಿದ ಹಾಗೆ. ಆಮೇಲೆ ಬಿರುಕಿನ ಗಡಿಗೆ ಹಿಡಿದಳು. ಏನೂ ಓಡಲಿಲ್ಲ. ಕೆಸರಿಗೆ ಕಲ್ಲು ಬಿದ್ದ ಹಾಗೆ ದವಡೆಯಲ್ಲೇ ನಿಂತಿತು.

ಇನ್ನೊಂದು ಹಿಡಿ ಎಂದೆ. ಮತ್ತೊಂದು ಎಂದೆ. "ಖರೀದಿ ಮಾಡಾವ ಇದ್ದೀಯೋ, ಬರೀ ಕೆನ್ನಿ ಸವರಿಸ್ಕೋತೀಯೋ?" ಎಂದು ಕೊನೆಗೆ ಎಬ್ಬಿಸಿ ಕಳಿಸಿದಳು.

ಗಾಡಿಯಲ್ಲಿ ಕನ್ನಡಕದ ಬಾಯಿಗೆ ನಾನು ಹೇಳಿದ್ದು ಸುಳ್ಳು, ಬರೆದದ್ದನ್ನು ಹೊಡೆದು ಹಾಕಿರಿ ಎಂದೆ. ಹೊಡೆದು ಹಾಕಿದಳು. ಜರ್ಮನಿಯವಳು ಮಾತ್ರ ಹೊಡೆಯಲಿಲ್ಲ. ಅವಳಿಗೆ ಮುತ್ತೇ ಬೇಕಂತೆ.

ದಾರಿಯುದ್ದಕ್ಕೂ ನಾನು ತುಟಿ ಬಿಚ್ಚಲಿಲ್ಲ ಎಂದು ಸರ್ದಾರ ಎಲ್ಲರಿಗೂ ಹೇಳುತ್ತಿದ್ದಾನೆ. ಸುಳ್ಳು.

11 ಜನವರಿ, ಗುರುವಾರ. ಚಿಂಚೋಳಿ

ಗಡಿಗೆಯನ್ನು ಎತ್ತಿ ದವಡೆಗೆ ಹಿಡಿಯಬಹುದು. ಫರಸಿಯನ್ನು ಯಾರಪ್ಪ ಎತ್ತುತ್ತಾನೆ? ಕಲ್ಲಿಗೂ ಮೂಳೆಗೂ ನಡುವೆ ಏನಾದರೂ ಇರಬೇಕು. ಗಾಡಿಯ ಜಾಕ್ ತಿರುಗಿಸುವ ಸಲಾಕೆ ತೆಗೆದುಕೊಂಡು ಹಳ್ಳಕ್ಕೆ ಇಳಿದೆ. ಸರ್ದಾರನ ಗ್ರೀಸ್ ಒರೆಸುವ ಹತ್ತಿಯನ್ನು ಕಿವಿಗೆ ತುರುಕಿದೆ. ಸಲಾಕೆಯ ಒಂದು ತುದಿ ಬಂಡೆಯ ಮೇಲೆ, ಇನ್ನೊಂದು ತುದಿ ಹಲ್ಲಿನ ನಡುವೆ. ಗುಂಡುಕಲ್ಲಿನಿಂದ ತಟ್ಟಿದೆ. ತುಟಿ ಒಡೆಯಿತು. ಹಲ್ಲಿಗೆ ಹಿಡಿಯಬಾರದು, ತಲೆಯೆಲ್ಲ ಗುಯ್ ಎನ್ನುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಫರಕು ಗೊತ್ತಾಗುವುದಿಲ್ಲ. ಕಿವಿಯ ಕೆಳಗಿನ ಮೂಳೆಗೇ ಒತ್ತಬೇಕು. ಸಡಿಲ ಹಿಡಿದರೆ ಏನೂ ಬರುವುದಿಲ್ಲ, ನೋಯುವಷ್ಟು ಒತ್ತಬೇಕು. ಆಗ ಬರುತ್ತದೆ.

ದಂಡೆಯ ಮೇಲಿಂದ ಸಾಹೇಬ ಕೂಗಿದ. ಹತ್ತಿ ತೆಗೆದ ಮೇಲೆ ಕೇಳಿಸಿತು.

"ಇಸಾಕ! ಅಲ್ಲಿ ತಾಂಡಾದಾಗ ಲಮಾಣಿ ಬಾಯೇರು ಕನ್ನಡಿ ಕಸೂತಿ ತೋರ್ಸಾಕತ್ತಾರ. ಹೇಳೋರಿಲ್ಲದ ಎಲ್ರೂ ಮೂಕರಂಗ ನಿಂತಾರ. ನೀ ಇಲ್ಲಿ ಕಲ್ಲ ನೆಕ್ಕಾಕತ್ತೀಯೇನು?"

"ಒಂದು ಐದು ಮಿನಿಟ್ರಿ."

"ನಿನ್ನ ಕರಕೊಂಡು ಬಂದಿದ್ದು ನಂದೇ ತಪ್ಪು!"

ಗುಡ್ಡ, ಕಾಡು ಭಾಳ ಚಂದ ಇದ್ದವಂತೆ. ನೋಡಲಿಲ್ಲ. ಯಾಕೆ ಇಷ್ಟು ಒದ್ದಾಡುತ್ತಿ ಎಂದು ಸರ್ದಾರ ಕೇಳಿದ. ಶನಿವಾರ ಒಂದು ದಿನ ಸುಸೂತ್ರ ಮುಗಿಯಲಿ, ಆಮೇಲೆ ಕಲ್ಲಿಗೂ ನನಗೂ ಸಂಬಂಧ ಇಲ್ಲ ಎಂದೆ.

12 ಜನವರಿ, ಶುಕ್ರವಾರ. ಶಹಾಬಾದ್

ಸೇಡಂ ಮುಗಿಸಿ ಮಧ್ಯಾಹ್ನ ಗಾಡಿ ನಮ್ಮೂರಿಗೇ ಬಂತು. ನೇರ ಮನೆಗೆ ಹೋದೆ. ಅಬ್ಬಾ ಜ್ವರ ಬಿಟ್ಟು ಅಂಗಳದ ಕಲ್ಲು ಕೀಳುತ್ತಿದ್ದ. ನಾನು ಹೇಳಿರಲಿಲ್ಲವೇ.

ಸರ್ದಾರನನ್ನು ಕಾಡಿ ತಂದ ಸಲಾಕೆ ತೋರಿಸಿದೆ. ಕೈಸನ್ನೆ ಮಾಡಿದೆ. ದವಡೆಗೆ ತರಲು ಹೋದರೆ ಕೈ ಕೊಡವಿದ. ಕಿವಿ ಹೋದ ಮೇಲೆ ಖಣಿಯಲ್ಲಿ ಬಾಯಿ ಬಿಡುವುದಿಲ್ಲ ಅವನು, ಮನೆಯಲ್ಲಿ ಮಾತ್ರ ಊರಿಗೆ ಕೇಳುವ ಹಾಗೆ ಕೂಗುತ್ತಾನೆ.

"ನಂಗೇನು ಲಗಾಮ್ ಹಾಕ್ತೀಯೇನಲೇ? ಕುದುರಿ ಅಂದ್ಕೊಂಡೀ?"

"ಕತ್ತಿ ಅಂದ್ಕೊಂಡೀನಿ!" ನಾನೂ ಕೂಗಿದೆ. ಅವನಿಗೆ ಕೇಳುವುದಿಲ್ಲ, ಆದರೂ ಕೂಗಿದೆ. ತುಟಿ ನೋಡಿ ತಿಳಿದುಕೊಂಡ ಎಂದು ಕಾಣುತ್ತದೆ, ಚಪ್ಪಲಿ ಹುಡುಕಿದ. ಅಮ್ಮ ನಡುವೆ ಬಂದಳು. ನಾನು ಸಲಾಕೆಯನ್ನು ನೆಲದ ಫರಸಿಯ ಮೇಲೆ ನಿಲ್ಲಿಸಿ, ಬಗ್ಗಿ ನನ್ನ ದವಡೆಗೆ ಒತ್ತಿಕೊಂಡು, ಸುತ್ತಿಗೆಯಿಂದ ತಟ್ಟಿ ತೋರಿಸಿದೆ. ಒಡೆದ ತುಟಿಯನ್ನೂ ತೋರಿಸಿದೆ. ಅದನ್ನು ಭಾಳ ಹೊತ್ತು ನೋಡಿದ.

ಆಮೇಲೆ ತಾನೇ ಸಲಾಕೆ ಕಿತ್ತುಕೊಂಡ. ಒತ್ತಿಕೊಂಡ. ತಟ್ಟಿದ. ಸಲಾಕೆ ತೆಗೆದು ನೋಡಿದ, ಯಾರೋ ಒಳಗೆ ಕೂತಿದ್ದಾರೇನೋ ಎಂಬ ಹಾಗೆ. ಮತ್ತೆ ತಟ್ಟಿದ. ಆಮೇಲೆ ನಿಲ್ಲಲೇ ಇಲ್ಲ. ಒಳಕಲ್ಲು ತಟ್ಟಿದ, ನೀರಿನ ದೋಣಿ ತಟ್ಟಿದ, ಗೋಡೆ ತಟ್ಟಿದ, ಒಲೆಯ ಕಲ್ಲನ್ನೂ ಬಿಡಲಿಲ್ಲ. "ಮನಿ ಕೆಡವಿ ಮುಗಸ್ತಾನ ಇವ, ಏನ್ ಕಲಿಸಿಟ್ಟ್ಯೋ!" ಎಂದು ಅಮ್ಮ ಹಿಂದೆ ಹಿಂದೆ ಓಡಾಡುತ್ತಿದ್ದಳು. ಹೊಸ್ತಿಲ ಬಳಿಯ ಫರಸಿಗೆ ಬಂದಾಗ ಅಬ್ಬಾ ನಿಂತ. ಎರಡು ಮೂರು ಕಡೆ ತಟ್ಟಿದ.

"ಇದರಾಗ ಚೀರು ಅದ" ಎಂದು ಕೂಗಿದ. ಬಾಗಿಲು ತೋರಿಸಿದ, ನನ್ನನ್ನು ತೋರಿಸಿದ. "ನಿನ್ನ ಹೊಡ್ತ!"

ನಕ್ಕನೋ ಬೈದನೋ ತಿಳಿಯಲಿಲ್ಲ. ನನ್ನ ಕಣ್ಣಿಗೆ ಒಲೆಯ ಹೊಗೆ ಹೊಕ್ಕಿತ್ತು, ಹೊರಗೆ ಹೋದೆ.

13 ಜನವರಿ, ಶನಿವಾರ. ಶಹಾಬಾದ್

ಮುಗಿಯಿತು. ಗೆದ್ದೆವು. ಹಾಗಂತ ಎಲ್ಲರೂ ಹೇಳುತ್ತಿದ್ದಾರೆ.

ಖಣಿಯ ಅಂಚಿಗೆ ಹಗ್ಗ ಕಟ್ಟಿದ್ದರು. ಆಚೆ ನಾನು, ತಂಡ, ಸಾಹೇಬ. ಈಚೆ ಸಾಲಾಗಿ ಫರಸಿಗಳು, ಅಬ್ಬಾ, ಮಾಣಿಕಪ್ಪ. ನಾನು ಟವೆಲನ್ನು ತಲೆಗೆ ಬಿಗಿಯಾಗಿ ಸುತ್ತಿದ್ದೆ. ಸಲಾಕೆ ಎಷ್ಟು ಚಲೋ ಇದ್ದರೂ ನನ್ನ ಕಿವಿ ಇರಲಿ ಎಂದು.

"ಇದೇನ್ ಹೊಸಾದು, ದಸ್ತಗೀರ?" ಸಲಾಕೆ ನೋಡಿ ಮಾಣಿಕಪ್ಪ ಕೇಳಿದ. ಅಬ್ಬಾ ಬೆನ್ನು ಮಾಡಿ ಬಗ್ಗಿದ್ದ. "ಅದು ಕುರಕುಂಟಾ ಪದ್ಧತಿರೀ!" ಎಂದು ನಾನು ಆಚೆಯಿಂದ ಕೂಗಿದೆ.

ಮೊದಲಿನ ಕಲ್ಲುಗಳು ಸರಿಹೋದವು. ಅಬ್ಬಾ ತಟ್ಟುವನು, ನನಗೆ ಠಣ್ ಕೇಳುವುದು, ಅವನು ಗೆರೆ ಎಳೆಯುವನು. ನಾನು ಉರ್ದುವಿನಲ್ಲಿ ಹೇಳುವೆನು. ಹಾಗೇ ಒಂದು ದೊಡ್ಡ ಫರಸಿಗೆ ಬಂದ. ತಟ್ಟಿದ. ಠಣ್. ಚೊಕ್ಕ ಠಣ್. ಅಬ್ಬಾ ಗೆರೆ ಎಳೆಯಲಿಲ್ಲ. ಸಲಾಕೆ ಸರಿಸಿ ಮತ್ತೆ ತಟ್ಟಿದ. ನನಗೆ ಮತ್ತೆ ಠಣ್. ಅವನು ತಲೆ ಎತ್ತಿ ನನ್ನ ಕಡೆ ನೋಡಿದ. ಟವೆಲ್ ತಲೆಯ ಮೇಲೆಯೇ ಇತ್ತು. ಗಟ್ಟಿ ಇದೆ, ಎಳಿ ಗೆರೆ ಎಂದು ಕಣ್ಣಲ್ಲೇ ಹೇಳಿದೆ.

ಅಬ್ಬಾ ಟವೆಲ್ ನೋಡಿದ. ಗೆರೆ ಎಳೆಯದೆ ಮುಂದಿನ ಕಲ್ಲಿಗೆ ಹೋದ.

"ಏ ದಸ್ತಗೀರ, ಠಣ್ ಅಂತದಲ್ಲೋ ಅದು!" ಎಂದ ಮಾಣಿಕಪ್ಪ. ಅಬ್ಬಾ ಆಗಲೇ ಮುಂದಿನದರ ಮೇಲೆ ಬಗ್ಗಿದ್ದ. ಮಾಣಿಕಪ್ಪ ಇಬ್ಬರನ್ನು ಕರೆದು ಆ ಫರಸಿಯನ್ನು ಎತ್ತಿಸಿದ. ಮೊಳಕಾಲೆತ್ತರಕ್ಕೂ ಬಂದಿರಲಿಲ್ಲ, ಮೂಲೆಯಿಂದ ಓರೆಯಾಗಿ ಮುರಿದು ಬಿತ್ತು. ಒಂದು ತುಂಡು ಅವರ ಕೈಯಲ್ಲಿ, ಒಂದು ನೆಲದಲ್ಲಿ.

ತಂಡದವರು ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ನನ್ನ ಕಿವಿ ತಪ್ಪು ಹೇಳಿದ್ದು ಎರಡು ವರ್ಷದಲ್ಲಿ ಇದೇ ಮೊದಲು. ದೂರ ಇದ್ದೆ, ಗಾಳಿ ಇತ್ತು. ಅದಕ್ಕೇ.

ಎಲ್ಲರೂ ಚಹಾಕ್ಕೆ ಹೋದಾಗ ಮಾಣಿಕಪ್ಪ ನನ್ನ ತಲೆಯ ಟವೆಲ್ ಕಿತ್ತು ಕೈಗೆ ಕೊಟ್ಟ.

"ಇನ್ನ ಇದರಿಂದ ಮಾರಿ ಒರಸ್ಕೋ."

ಟವೆಲನ್ನು ಬೆನ್ನ ಹಿಂದೆ ಮುಚ್ಚಿಟ್ಟೆ. "ಯಾವಾಗ ಗೊತ್ತಾತ್ರಿ?"

"ಮೊದಲ್ನೇ ವಾರದಾಗೇ. ನಡು ಬ್ಯಾಸಗ್ಯಾಗ ಯಾವ ಮಂಗ್ಯಾ ತಲಿಮ್ಯಾಗಿನ ಟಾವೆಲ್ ತಗದು ಹೆಗಲಿಗಿ ಹಾಕ್ಕೋತಾನಲೇ?"

"ಮತ್ತ ಯಾಕ ಸುಮ್ಮನಿದ್ರಿ?"

"ಒಂದ್ ಪಗಾರಕ್ಕ ಇಬ್ಬರು ದುಡೀತೀವಿ ಅಂದ್ರ ಯಾವ ಮುಕಾದಮ ಬ್ಯಾಡಂತಾನ?" ಎಲೆ ಅಡಿಕೆ ಉಗುಳಿದ. "ಗೆರಿ ಅವನ ಕೈಯಾಗೇ ಇರ್ಲಿ. ಸೋಮವಾರದಿಂದ ನೀ ಬರಬ್ಯಾಡ. ಸುಮ್ನ ಜಾಗ ಹಿಡೀತಿ."

ಸಾಹೇಬ ಬಂದು ಬೆನ್ನು ತಟ್ಟಿದ. ಮಂಗಳವಾರ ವಾಡಿಯಿಂದ ಇನ್ನೊಂದು ತಂಡ ಹೊರಡುತ್ತದಂತೆ. ಬಿಜಾಪುರ, ಬಾದಾಮಿ, ಹಂಪಿ, ಬೇಸಿಗೆ ಬರುವ ತನಕ ಸುತ್ತಾಟ. ಸುಳ್ಳು ಕಮ್ಮಿ ಹೇಳುವುದಾದರೆ ಬಾ ಎಂದ. ಆಗಲ್ಲ, ಮನೆಯಲ್ಲಿ ಕೆಲಸ ಇದೆ ಎಂದೆ. ಬಾಯಿಗೆ ಬಂದದ್ದು ಅದೇ.

15 ಜನವರಿ, ಸೋಮವಾರ

ಅಬ್ಬಾ ನನ್ನನ್ನು ಎಬ್ಬಿಸದೆ ಹೋಗಿದ್ದಾನೆ. ಎರಡು ವರ್ಷ ಕಾಲಿನಿಂದ ಒದ್ದು ಎಬ್ಬಿಸಿದವನು.

ಮಧ್ಯಾಹ್ನ ಸುಮ್ಮನೆ ಖಣಿಯ ಕಡೆ ಹೋದೆ. ಅಬ್ಬಾ ಯಾವ ಕಲ್ಲಿಗೂ ತಲೆ ಎತ್ತುತ್ತಿಲ್ಲ. ತಟ್ಟುತ್ತಾನೆ, ಎಳೆಯುತ್ತಾನೆ, ಮುಂದಕ್ಕೆ ಹೋಗುತ್ತಾನೆ. ನಾನು ಕೂರುವ ಜಾಗದಲ್ಲಿ ಅವನ ಬುತ್ತಿ ಇಟ್ಟಿದ್ದ.

16 ಜನವರಿ, ಮಂಗಳವಾರ

ನಾನು ಹೋಗುತ್ತೇನೆ ಅಂದಾಗ ಲಟ್ಟಣಿಗೆ ಎಸೆದವರು, ಹೋಗುವುದಿಲ್ಲ ಅಂದರೆ ಅದೇ ಲಟ್ಟಣಿಗೆ ಎತ್ತುತ್ತಾರೆ. ಇದೆಂಥ ಮನೆ?

ಸಾಹೇಬನ ಮಾತನ್ನು ಸರ್ದಾರ ಬಂದು ಅಮ್ಮನಿಗೆ ಹೇಳಿಹೋಗಿದ್ದಾನೆ, ಚಾಡಿಕೋರ. ಬೆಳಿಗ್ಗೆ ಎದ್ದರೆ ನನ್ನ ಅಂಗಿ ಮಡಚಿ ಚೀಲದಲ್ಲಿ ಇಟ್ಟಿದ್ದಾರೆ. ಅಬ್ಬಾ ಖಣಿಗೆ ಹೋಗದೆ ಕೂತಿದ್ದಾನೆ.

"ನಾ ಹೋದ್ರ ನಿಮ್ಮನ್ಯಾರು ನೋಡ್ತಾರ?" ಎಂದೆ. ಎರಡು ಸಲ ಎಂದೆ, ಎರಡನೇ ಸಲ ಅವನ ಮುಖದೆದುರು ನಿಂತು.

ಅಬ್ಬಾ ಓಣಿಗೆಲ್ಲ ಕೇಳುವ ಹಾಗೆ ಕೂಗಿದ. "ನನ್ನ ಸಲುವಾಗಿ ಎರಡು ವರ್ಸ ಬಾಯಿ ಮುಚ್ಕೊಂಡು ಕುಂತಿ! ಇಷ್ಟ ದೊಡ್ಡ ಬಾಯಿ ಖಣ್ಯಾಗ ಹಿಡ್ಸಲ್ಲ! ತಗೊಂಡು ಹೋಗು!"

"ನಾ ಯಾರ ಸಲುವಾಗಿನೂ ಕುಂತಿಲ್ಲ! ಮಾಸ್ತರ ಹೊಡ್ದಿದ್ದಕ್ಕ ಬಿಟ್ಟೆ!"

"ಹೂಂ, ಹೂಂ" ಎಂದು ಅಮ್ಮ ಚೀಲದಲ್ಲಿ ರೊಟ್ಟಿ ಇಟ್ಟಳು. ಆ ಟವೆಲನ್ನೂ ಒಗೆದು ಇಟ್ಟಿದ್ದಾಳೆ.

ಸರಿ. ಹೋಗುತ್ತೇನೆ. ಇವರಿಗೆ ನಾನು ಬೇಡವಾದರೆ ನನಗೂ ಇವರು ಬೇಡ. ಹೇಗೆ ಹೋಗುತ್ತೇನೆ ನೋಡಲಿ. ಬಾಗಿಲು ಮೆಲ್ಲಗೆ ಎಳೆದುಕೋ, ಹೊಸ್ತಿಲ ಫರಸಿ ಪೂರಾ ಸೀಳೀತು ಎನ್ನುತ್ತಿದ್ದಾಳೆ ಅಮ್ಮ. ಸೀಳಲಿ.

ಅಬ್ಬಾ ಗೋಡೆಗೆ ಮುಖ ಮಾಡಿ ಕೂತಿದ್ದಾನೆ. ತಿರುಗಿಯೂ ನೋಡುತ್ತಿಲ್ಲ. ಸಲಾಕೆಯ ಒಂದು ತುದಿ ನೆಲದ ಫರಸಿಯ ಮೇಲೆ ನಿಲ್ಲಿಸಿದ್ದಾನೆ, ಇನ್ನೊಂದು ತುದಿಯನ್ನು ದವಡೆಗೆ ಒತ್ತಿಕೊಂಡಿದ್ದಾನೆ. ಕೈಯಲ್ಲಿ ಸುತ್ತಿಗೆ ಇಲ್ಲ. ತಟ್ಟುವವರಿಲ್ಲದೆ ಏನು ಕೇಳಲು ಕೂತಿದ್ದಾನೋ ದೇವರೇ ಬಲ್ಲ.

ಚೀಲ ಹೆಗಲಿಗೆ ಹಾಕಿದ್ದೇನೆ. ಇದ್ದಬದ್ದ ಬಲವೆಲ್ಲ ಹಾಕಿ ಬಾಗಿಲು ಬಡಿಯುತ್ತೇನೆ.